ಒದೆಯುವುದು ನಿಂತರೆ ಮುಳುಗುವ ಡೈವರ್: ಟ್ರಿಮ್ ಸರಿಮಾಡಿದ ಒಂದು ಪ್ರಕರಣ

ಟ್ರಿಮ್ ಅಂದರೆ ನೀರಿನೊಳಗೆ ಡೈವರ್‌ನ ದೇಹ ತಾನಾಗಿ ನಿಲ್ಲುವ ಭಂಗಿ, ಅದು ಅಡ್ಡಲಾಗಿ ಇರಬೇಕು. ಈ ಪ್ರಕರಣದ ಡೈವರ್, ಅಂದರೆ ಬೆನ್ನಿಗೆ ಗಾಳಿಯ ಟ್ಯಾಂಕ್ ಕಟ್ಟಿಕೊಂಡು ನೀರಿನಡಿ ಇಳಿಯುವವಳು, ಹೊಸಬಳು. ಮೊದಲ ಹಂತದ ಕೋರ್ಸ್ ಮುಗಿದಿದೆ, 18 ಮೀಟರ್ ತನಕ ಇಳಿಯುವ ಅನುಮತಿ ಇದೆ. ಆಮೇಲೆ ಒಂದಷ್ಟು ಡೈವ್‌ಗಳೂ ಆಗಿವೆ. ನೀರಿನ ಭಯ ಇಲ್ಲ, ಈಜು ಚೆನ್ನಾಗಿ ಬರುತ್ತದೆ, ಹೇಳಿದ್ದನ್ನು ಗಮನವಿಟ್ಟು ಕೇಳುತ್ತಾಳೆ. ಆದರೂ ಪ್ರತಿ ಡೈವ್ ಮುಗಿದಾಗಲೂ ಸುಸ್ತಾಗಿ ಮೇಲೆ ಬರುತ್ತಿದ್ದಳು.

ಅವಳ ದೂರುಗಳು ಹೀಗಿದ್ದವು. ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ಗಾಳಿ ಮುಗಿಯುವುದು ಅವಳದೇ. ಡೈವ್ ಆದ ಮೇಲೆ ಸೊಂಟ ನೋವು. ತಳದ ಹತ್ತಿರ ಹೋದರೆ ಹಿಂದೆ ಮರಳಿನ ಮೋಡ. ಶುರುವಿನಲ್ಲಿ ಕೆಳಗೆ ಇಳಿಯುವುದೇ ಕಷ್ಟ. ಕೊನೆಯಲ್ಲಿ 5 ಮೀಟರ್‌ನ ಸೇಫ್ಟಿ ಸ್ಟಾಪ್‌ನಲ್ಲಿ (ಮೇಲೆ ಬರುವ ಮೊದಲು ಮೂರು ನಿಮಿಷ ತಡೆಯುವ ಜಾಗ) ನಿಲ್ಲಲು ಹೋದರೆ ತಾನಾಗಿಯೇ ಮೇಲಕ್ಕೆ ತೇಲಿಹೋಗುವುದು. ಈ ಕೊನೆಯ ಎರಡನ್ನು ಸೇರಿಸಿಕೊಂಡು ಅವಳೇ ಒಂದು ತೀರ್ಮಾನಕ್ಕೂ ಬಂದಿದ್ದಳು: "ನಂಗೆ ಸೀಸ ಸಾಲ್ತಿಲ್ಲ ಸರ್, ಇನ್ನೊಂದೆರಡು ಕೆಜಿ ಹಾಕ್ಕೊಂಡ್ರೆ ಸರಿಹೋಗುತ್ತೆ."

ಸೀಸ ಅಂದರೆ ನೀರಿನಲ್ಲಿ ಇಳಿಯಲು ಡೈವರ್ ಹೊತ್ತುಕೊಳ್ಳುವ ತೂಕ. ಅವಳ ಮಾತು ಕೇಳಲು ಸರಿ ಅನ್ನಿಸುತ್ತದೆ ಅಲ್ವಾ? ಇಳಿಯಲು ಆಗುತ್ತಿಲ್ಲ, ಕೊನೆಗೆ ತೇಲುತ್ತಿದ್ದಾಳೆ ಅಂದರೆ ಹಗುರ ಇದ್ದಾಳೆ ಅಂತಲೇ ಯಾರಾದರೂ ಹೇಳುತ್ತಾರೆ. ಹಿಂದಿನ ಡೈವ್‌ಗಳಲ್ಲಿ ಜೊತೆಗಿದ್ದವರೂ ಹಾಗೇ ಅಂದುಕೊಂಡು ಒಂದೊಂದೇ ಕೆಜಿ ಏರಿಸುತ್ತ ಬಂದಿದ್ದರು. ಈಗ ಸಮುದ್ರದ ನೀರಿನಲ್ಲಿ, 5 ಮಿಲಿಮೀಟರ್ ವೆಟ್‌ಸೂಟ್‌ನಲ್ಲಿ (ಮೈ ಬೆಚ್ಚಗಿಡುವ, ನೀರಿನಲ್ಲಿ ತೇಲುವ ಬಿಗಿ ಉಡುಪು), ಅವಳ ಬಳಿ 8 ಕೆಜಿ ಸೀಸ ಇತ್ತು. ಅಷ್ಟೂ ಸೊಂಟದ ಎರಡು ಪಾಕೆಟ್‌ಗಳಲ್ಲಿ. ಬಿಸಿಡಿ, ಅಂದರೆ ಗಾಳಿ ತುಂಬಿ ಅಥವಾ ಬಿಟ್ಟು ತೇಲುವಿಕೆ ಹೊಂದಿಸಿಕೊಳ್ಳುವ ಚೀಲ, ಮಾಮೂಲಿ ಜಾಕೆಟ್ ಥರದ್ದು. ಟ್ಯಾಂಕ್ ಎಲ್ಲ ಕಡೆ ಸಿಗುವ 11.1 ಲೀಟರ್ ಅಲ್ಯೂಮಿನಿಯಂ. ಕಾಲಿಗೆ ದಪ್ಪ ರಬ್ಬರಿನ, ಭಾರದ ಫಿನ್ (ನೀರು ಒದೆಯಲು ಪಾದಕ್ಕೆ ಹಾಕುವ ಅಗಲ ರೆಕ್ಕೆ).

ಅವಳಿಗೆ ಹೇಳಿಕೊಡಲು ಜೊತೆಗೆ ಇಳಿದ ಮೊದಲ ಡೈವ್‌ನಲ್ಲಿ ನಾನು ಏನನ್ನೂ ತಿದ್ದಲಿಲ್ಲ. ಸುಮ್ನೆ ಪಕ್ಕದಲ್ಲಿ ಇದ್ದು ನೋಡಿದೆ, ಬದಿಯಿಂದ ವಿಡಿಯೋ ತೆಗೆದೆ. ಹೊಸಬರ ಟ್ರಿಮ್ ನೋಡುವಾಗ ಹಿಂದಿನಿಂದ ನೋಡಿ ಉಪಯೋಗವಿಲ್ಲ, ಬದಿಯಿಂದಲೇ ನೋಡಬೇಕು, ಆಗ ಮಾತ್ರ ಭುಜ, ಸೊಂಟ, ಮೊಣಕಾಲು ಒಂದೇ ಗೆರೆಯಲ್ಲಿವೆಯೋ ಇಲ್ಲವೋ ಕಾಣುತ್ತದೆ. ಅವಳದ್ದು ಒಂದೇ ಗೆರೆಯಲ್ಲೇ ಇತ್ತು, ಆದರೆ ಆ ಗೆರೆ ಹೆಚ್ಚುಕಡಿಮೆ 40 ಡಿಗ್ರಿ ವಾಲಿತ್ತು. ತಲೆ ಮೇಲೆ, ಕಾಲು ಕೆಳಗೆ. ಕಾಲು ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಕೈಗಳು ಪಕ್ಕದಲ್ಲಿ ನೀರು ತಳ್ಳುತ್ತಲೇ ಇದ್ದವು. ಎಡಗೈ ಆಗಾಗ ಇನ್‌ಫ್ಲೇಟರ್ (ಬಿಸಿಡಿಗೆ ಗಾಳಿ ತುಂಬುವ, ಬಿಡುವ ಗುಂಡಿಗಳಿರುವ ಹೋಸ್) ಹಿಡಿದು ಒಮ್ಮೆ ಗಾಳಿ ತುಂಬುವುದು, ಸ್ವಲ್ಪ ಹೊತ್ತಿಗೆ ಬಿಡುವುದು, ಮತ್ತೆ ತುಂಬುವುದು.

ನಿಲ್ಲಿಸಿ ನೋಡುವ ಪರೀಕ್ಷೆ

ಎರಡನೇ ಡೈವ್‌ನಲ್ಲಿ 6 ಮೀಟರ್ ಆಳದ, ಹವಳ ಇಲ್ಲದ, ಬರೀ ಮರಳಿನ ಜಾಗಕ್ಕೆ ಕರೆದುಕೊಂಡು ಹೋದೆ. ಮೊದಲೇ ಹೇಳಿಕೊಟ್ಟಿದ್ದು ಇಷ್ಟೇ: ನಿನಗೆ ಸರಿ ಅನ್ನಿಸುವಷ್ಟು ಗಾಳಿ ಬಿಸಿಡಿಗೆ ಹಾಕಿಕೋ, ನಾನು ಕೈ ತೋರಿಸಿದಾಗ ಕೈಕಾಲು ಎರಡನ್ನೂ ನಿಲ್ಲಿಸು, ಉಸಿರಾಟ ಮಾತ್ರ ಎಂದಿನಂತೆ ನಡೀಲಿ, ಉಸಿರು ಹಿಡಿಯಬೇಡ. ಏನಾಗುತ್ತದೋ ಆಗಲಿ, ತಡೆಯಬೇಡ.

ನನ್ನ ಲೆಕ್ಕದಲ್ಲಿ ಟ್ರಿಮ್ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಈಜುತ್ತಿರುವ ಡೈವರ್ ಏನನ್ನು ಬೇಕಾದರೂ ಮುಚ್ಚಿಡಬಹುದು, ಯಾಕಂದ್ರೆ ಫಿನ್‌ನ ಒದೆತ ಎಲ್ಲ ತಪ್ಪನ್ನೂ ತುಂಬಿಕೊಡುತ್ತದೆ. ನಿಂತಾಗ ಮಾತ್ರ ನಿಜ ಹೊರಗೆ ಬರುತ್ತದೆ. ದೇಹ ಇದ್ದ ಭಂಗಿಯಲ್ಲೇ ಕೆಳಗೆ ಹೋದರೆ ತೇಲುವ ಲೆಕ್ಕ ತಪ್ಪಿದೆ. ಆಳ ಬದಲಾಗದೆ ಕಾಲು ಮಾತ್ರ ಇಳಿದರೆ ತೂಕ ಇಟ್ಟ ಜಾಗ ತಪ್ಪಿದೆ. ಎರಡೂ ಆದರೆ ಎರಡೂ ತಪ್ಪಿದೆ.

ಅವಳಿಗೆ ಎರಡೂ ಆಯಿತು. ಮೂರ್ನಾಲ್ಕು ಸೆಕೆಂಡಿನಲ್ಲಿ ಕಾಲು ಕೆಳಗಿಳಿದು ದೇಹ ಹೆಚ್ಚುಕಡಿಮೆ ನೆಟ್ಟಗಾಯಿತು, ಹಾಗೇ ನಿಧಾನಕ್ಕೆ ಕೆಳಗಿಳಿದು ಫಿನ್ ಮರಳಿಗೆ ತಾಗಿ ನಿಂತಳು. ಅಂದರೆ ಇಷ್ಟು ದಿನ ಅವಳು "ನ್ಯೂಟ್ರಲ್" (ಮುಳುಗದೆ, ತೇಲದೆ ಇರುವುದು) ಅಂದುಕೊಂಡಿದ್ದ ಸ್ಥಿತಿಯಲ್ಲಿ ನಿಜಕ್ಕೂ ಭಾರವಾಗಿಯೇ ಇದ್ದಳು. ಒದೆತದಿಂದ ತನ್ನನ್ನು ತಾನೇ ಎತ್ತಿ ಹಿಡಿದುಕೊಂಡಿದ್ದಳು.

ಇದು ಹೇಗೆ ಸುತ್ತಿಕೊಳ್ಳುತ್ತದೆ ನೋಡಿ. ದೇಹ 30 ಡಿಗ್ರಿ ವಾಲಿದ್ದರೆ ಒದೆತದ ಬಲದಲ್ಲಿ ಅರ್ಧದಷ್ಟು ಮೇಲಕ್ಕೇ ತಳ್ಳುತ್ತದೆ. ಮೇಲೆ ಹೋಗುತ್ತಿದ್ದೇನೆ ಅನ್ನಿಸಿದ ತಕ್ಷಣ ಡೈವರ್ ಬಿಸಿಡಿಯಿಂದ ಗಾಳಿ ಬಿಡುತ್ತಾಳೆ. ಈಗ ಇನ್ನೂ ಭಾರ. ಆಳ ಉಳಿಸಿಕೊಳ್ಳಲು ಒದೆಯಲೇಬೇಕು, ವಾಲಿಕೊಂಡೇ ಒದೆಯಬೇಕು. ನಿಲ್ಲಿಸಿದರೆ ಮುಳುಗು, ಒದ್ದರೆ ಏರು. ಇದರ ಜೊತೆ ವಾಲಿದ ದೇಹ ನೀರಿಗೆ ಅಡ್ಡಲಾಗಿ ನಿಲ್ಲುವುದರಿಂದ ಮುಂದೆ ಹೋಗಲೂ ಜಾಸ್ತಿ ಬಲ ಬೇಕು. ಗಾಳಿ ಬೇಗ ಮುಗಿಯುವುದಕ್ಕೆ, ಮರಳು ಏಳುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಫಿನ್ ಕೆಳಮುಖವಾಗಿ ತಳದ ಮೇಲೇ ಊದುತ್ತಿದೆ.

ಸೊಂಟ ನೋವೂ ಇಲ್ಲಿಂದಲೇ. ಕೋರ್ಸ್‌ನಲ್ಲಿ ಯಾರೋ "ಅಡ್ಡಕ್ಕೆ ಮಲಗಿರಬೇಕು" ಅಂದಿದ್ದನ್ನು ನೆನಪಿಟ್ಟುಕೊಂಡು, ಕೆಳಗೆ ಎಳೆಯುವ ಕಾಲನ್ನು ಬೆನ್ನಿನ ಬಲದಿಂದ ಎತ್ತಿಹಿಡಿಯಲು ನೋಡುತ್ತಿದ್ದಳು. ಇದು ನನಗೆ ಬೇಸರ ತರಿಸುವ ವಿಷಯ. ಹೊಸಬರಿಗೆ ಭಂಗಿ ಹೇಳಿಕೊಡುತ್ತಾರೆ, ಆ ಭಂಗಿಯಲ್ಲಿ ದೇಹ ತಾನಾಗಿ ನಿಲ್ಲುವ ಹಾಗೆ ತೂಕ ಹೊಂದಿಸಿಕೊಡುವುದಿಲ್ಲ. ತೂಕ ತಪ್ಪಾಗಿದ್ದರೆ ಎಷ್ಟು ಗಟ್ಟಿ ಮನಸ್ಸಿದ್ದರೂ ಅರ್ಧ ಗಂಟೆ ಹಾಗೆ ಇರಲು ಆಗುವುದಿಲ್ಲ. ಹಾಗಾಗಿ ನಾವು ಹಿಡಿದ ಕ್ರಮ ಇದು: ಮೊದಲು ಸೀಸ ಎಷ್ಟು ಬೇಕು, ಆಮೇಲೆ ಅದು ಎಲ್ಲಿರಬೇಕು, ಆಮೇಲೆ ದೇಹದ ಭಂಗಿ, ಕೊನೆಗೆ ಒದೆತ ಮತ್ತು ಉಸಿರು.

ಸೀಸ ಸಾಲ್ತಿಲ್ಲ ಅನ್ನುವ ಮಾತು

ಅದೇ ಡೈವ್‌ನ ಕೊನೆಯಲ್ಲಿ, ಟ್ಯಾಂಕ್‌ನಲ್ಲಿ ಸುಮಾರು 50 ಬಾರ್ (ಬಾರ್ ಗಾಳಿಯ ಒತ್ತಡದ ಅಳತೆ, ತುಂಬಿದಾಗ 200) ಉಳಿದಿರುವಾಗ, ಮೇಲ್ಮೈಯಲ್ಲಿ ಹಗ್ಗ ಹಿಡಿದುಕೊಂಡು ತೂಕದ ಪರೀಕ್ಷೆ ಮಾಡಿದೆವು. ಟ್ಯಾಂಕ್‌ನಿಂದ ಉಸಿರಾಡುವ ರೆಗ್ಯುಲೇಟರ್ ಬಾಯಲ್ಲಿ, ಬಿಸಿಡಿ ಪೂರ್ತಿ ಖಾಲಿ, ಕಾಲು ಅಲ್ಲಾಡಬಾರದು. ಅರ್ಧ ಉಸಿರು ಎಳೆದು ಒಂದು ಕ್ಷಣ ನಿಂತಾಗ ನೀರು ಕಣ್ಣಿನ ಮಟ್ಟಕ್ಕೆ ಬಂದು ನಿಲ್ಲಬೇಕು, ಉಸಿರು ಬಿಟ್ಟರೆ ನಿಧಾನಕ್ಕೆ ಇಳಿಯಬೇಕು. 8 ಕೆಜಿ ಇದ್ದಾಗ ಅವಳು ಎದೆ ತುಂಬ ಉಸಿರು ಎಳೆದರೂ ನೇರವಾಗಿ ಕೆಳಗೆ ಹೋದಳು. ಹಗ್ಗ ಹಿಡಿದಿದ್ದಕ್ಕೆ ಅಲ್ಲೇ ನಿಂತಳು. ಒಂದೊಂದೇ ಕೆಜಿ ತೆಗೆಯುತ್ತ ಬಂದು 5 ಕೆಜಿಗೆ ನೀರು ಕಣ್ಣಿನ ಮಟ್ಟದಲ್ಲಿ ನಿಂತಿತು.

ಇದನ್ನು ಕೊನೆಯಲ್ಲಿ ಮಾಡುವುದಕ್ಕೆ ಕಾರಣ ಇದೆ. ಗಾಳಿಗೂ ತೂಕ ಇದೆ. 11.1 ಲೀಟರ್ ಟ್ಯಾಂಕ್‌ನಲ್ಲಿ 200 ಬಾರ್ ಗಾಳಿ ಅಂದರೆ ಎರಡೂವರೆ ಕೆಜಿಗಿಂತ ಸ್ವಲ್ಪ ಜಾಸ್ತಿ. 50 ಬಾರ್‌ಗೆ ಬರುವಷ್ಟರಲ್ಲಿ ಅದರಲ್ಲಿ ಸುಮಾರು 2 ಕೆಜಿ ಉಸಿರಾಡಿ ಮುಗಿಸಿರುತ್ತೀರಿ. ಅಲ್ಯೂಮಿನಿಯಂ ಟ್ಯಾಂಕ್ ತುಂಬಿದ್ದಾಗ ಮುಳುಗುತ್ತದೆ, ಖಾಲಿಯಾಗುತ್ತ ಬಂದಾಗ ಅದೇ ತೇಲುವುದು ಇದಕ್ಕೇ. ಹಾಗಾಗಿ ಹಗುರವಾದ ಹೊತ್ತಿನಲ್ಲಿ, ಅಂದರೆ ಕೊನೆಯಲ್ಲಿ, ಸೇಫ್ಟಿ ಸ್ಟಾಪ್ ಹಿಡಿಯಲು ಸಾಲುವಷ್ಟು ಸೀಸ ಇದ್ದರೆ ಸಾಕು. ಶುರುವಿನಲ್ಲಿ ಆ 2 ಕೆಜಿ ಹೇಗೂ ಜೊತೆಗಿರುತ್ತದೆ.

ಹಾಗಾದರೆ 3 ಕೆಜಿ ಜಾಸ್ತಿ ಹೊತ್ತವಳು ಕೊನೆಯಲ್ಲಿ ತೇಲಿದ್ದು ಹೇಗೆ? ಅವಳು ಕೇಳಿದ್ದೂ ಇದೇ ಪ್ರಶ್ನೆ. ಉತ್ತರ ಆ 3 ಕೆಜಿಯಲ್ಲೇ ಇದೆ.

3 ಕೆಜಿ ಸೀಸ ಜಾಸ್ತಿ ಇದ್ದರೆ ಅದನ್ನು ಸರಿದೂಗಿಸಲು ಬಿಸಿಡಿಯಲ್ಲಿ ಹೆಚ್ಚುಕಡಿಮೆ 3 ಲೀಟರ್ ಗಾಳಿ ಜಾಸ್ತಿ ಬೇಕು. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟು. 5 ಮೀಟರ್‌ಗೆ ಬಂದರೆ ಒಂದೂವರೆಯಷ್ಟು. ಒತ್ತಡ ಇಳಿದಷ್ಟೂ ಗಾಳಿ ಹಿಗ್ಗುತ್ತದೆ ಅಂತ ಬಾಯ್ಲ್ 1662ರಲ್ಲಿ ಹೇಳಿದ ನಿಯಮದ ಪ್ರಕಾರ ಆ 3 ಲೀಟರ್ ಈಗ 4 ಲೀಟರ್ ಆಗುತ್ತದೆ. ಅಂದರೆ ಡೈವರ್ ಏನೂ ಮಾಡದೆ 1 ಕೆಜಿ ಮೇಲಕ್ಕೆ ಎಳೆಯುವ ಬಲ ಹುಟ್ಟಿತು. ಮಾಮೂಲಿ ಒಂದು ಉಸಿರಿನಲ್ಲಿ ಎದೆಗೆ ಹೋಗುವುದು ಅರ್ಧ ಲೀಟರ್ ಗಾಳಿ. ಉಸಿರಿನಿಂದ ಇದನ್ನು ತಡೆಯುವುದು ಸಾಧ್ಯವೇ ಇಲ್ಲ. ಮೇಲೆ ಹೋದಷ್ಟೂ ಗುಳ್ಳೆ ದೊಡ್ಡದಾಗುತ್ತದೆ, ದೊಡ್ಡದಾದಷ್ಟೂ ಬೇಗ ಮೇಲೆ ಹೋಗುತ್ತಾಳೆ, ಗಾಬರಿಯಲ್ಲಿ ಕಾಲು ಬೇರೆ ಒದೆಯುತ್ತದೆ, ಕಾಲು ಕೆಳಗಿರುವುದರಿಂದ ಆ ಒದೆತವೂ ಮೇಲಕ್ಕೇ. ಹಗುರ ಇದ್ದದ್ದಕ್ಕೆ ತೇಲಿದ್ದಲ್ಲ. ಭಾರ ಜಾಸ್ತಿ ಇದ್ದದ್ದಕ್ಕೇ ತೇಲಿದ್ದು.

ಶುರುವಿನಲ್ಲಿ ಇಳಿಯಲು ಆಗದ್ದು ಬೇರೆ ಕಥೆ. ವಿಡಿಯೋದಲ್ಲಿ ಸ್ಪಷ್ಟವಾಗಿತ್ತು. ಬಿಸಿಡಿ ಖಾಲಿ ಮಾಡುವಾಗ ಕಾಲು ಒದೆಯುತ್ತಲೇ ಇದ್ದಳು, ಅದು ಅವಳಿಗೆ ಗೊತ್ತೇ ಇರಲಿಲ್ಲ. ಎದೆಯಲ್ಲಿ ಪೂರ್ತಿ ಉಸಿರು ತುಂಬಿಕೊಂಡು ಸ್ವಲ್ಪವೇ ಬಿಟ್ಟು ಮತ್ತೆ ತುಂಬಿಕೊಳ್ಳುತ್ತಿದ್ದಳು. ಒಣಗಿದ ಸೂಟ್‌ನಲ್ಲಿ ಸಿಕ್ಕಿಕೊಂಡ ಗಾಳಿ ಬೇರೆ. ಮೊದಲ ಎರಡು ಮೀಟರ್ ದಾಟುವ ತನಕ ಮಾತ್ರ ಈ ತೊಂದರೆ. ಅದಕ್ಕೆ ಮದ್ದು ಸೀಸ ಅಲ್ಲ. ಪಾದಗಳನ್ನು ಒಂದರ ಮೇಲೊಂದು ಹಾಕಿ ಅಲ್ಲಾಡದಂತೆ ಇಡುವುದು, ಗಾಳಿ ಬಿಡುವ ಹೋಸ್ ಮೇಲಕ್ಕೆತ್ತಿ ಕೊನೆಯ ಗುಳ್ಳೆ ಹೋಗುವ ತನಕ ಕಾಯುವುದು, ಉಸಿರನ್ನು ನಿಧಾನಕ್ಕೆ ಪೂರ್ತಿ ಬಿಟ್ಟು ಮುಂದಿನ ಉಸಿರಿಗೆ ಅವಸರ ಮಾಡದಿರುವುದು. ಇಷ್ಟು ಮಾಡಿದಾಗ ಮುಂದಿನ ಡೈವ್‌ನಲ್ಲಿ 5 ಕೆಜಿಗೇ ಸಲೀಸಾಗಿ ಇಳಿದಳು.

ಸೀಸ ಎಲ್ಲಿರಬೇಕು

3 ಕೆಜಿ ತೆಗೆದ ಮೇಲೆ ಮತ್ತೆ ಅದೇ ಮರಳಿನ ಜಾಗದಲ್ಲಿ ನಿಲ್ಲಿಸಿ ನೋಡಿದೆವು. ಬೇರೇನೂ ಬದಲಿಸಿರಲಿಲ್ಲ. ವಾಲುವಿಕೆ ಅರ್ಧದಷ್ಟು ಕಡಿಮೆಯಾಗಿತ್ತು. ಅವಳಿಗೆ ಆಶ್ಚರ್ಯ, ಲೆಕ್ಕ ಹಾಕಿದರೆ ಆಶ್ಚರ್ಯವೇನಿಲ್ಲ.

ಟ್ರಿಮ್ ಅನ್ನು ತಕ್ಕಡಿಯ ಹಾಗೆ ನೋಡಬೇಕು. ತೂಕ ಎಷ್ಟು ಅನ್ನುವುದರ ಜೊತೆ ನಡುವಿನಿಂದ ಎಷ್ಟು ದೂರ ಅನ್ನುವುದೂ ಸೇರಿಯೇ ಲೆಕ್ಕ. ತಲೆ ಮೇಲಿರುವ ಡೈವರ್‌ನ ಜಾಕೆಟ್ ಬಿಸಿಡಿಯಲ್ಲಿ ಗಾಳಿ ಭುಜದ ಕಡೆಗೆ ಓಡುತ್ತದೆ, ಸೀಸ ಸೊಂಟದಲ್ಲಿದೆ. ಅನಗತ್ಯವಾದ ಆ 3 ಕೆಜಿ ಸೀಸ ಕೆಳಗೆಳೆಯುತ್ತದೆ, ಅದಕ್ಕಾಗಿ ತುಂಬಿದ 3 ಲೀಟರ್ ಗಾಳಿ ಮೇಲೆಳೆಯುತ್ತದೆ, ಎರಡರ ನಡುವೆ ಸುಮಾರು 35 ಸೆಂಟಿಮೀಟರ್ ಅಂತರ. ಕೆಜಿಯನ್ನು ಮೀಟರ್‌ನಿಂದ ಗುಣಿಸಿದರೆ ಹೆಚ್ಚುಕಡಿಮೆ 1 ಬರುತ್ತದೆ. ಅವಳ ಫಿನ್‌ಗಳನ್ನು ನೀರಿನೊಳಗೆ ತೂಗುಹಾಕಿ ತೂಗಿದಾಗ ಜೋಡಿ ಮುಕ್ಕಾಲು ಕೆಜಿ ಬಂತು. ಚಾಚಿದ ಕಾಲಿನ ತುದಿಯಲ್ಲಿ, ದೇಹದ ನಡುವಿನಿಂದ ಸುಮಾರು ಒಂದು ಮೀಟರ್ ದೂರದಲ್ಲಿ ಅದು ಇದೆ. ಅಲ್ಲಿಗೆ 0.75. ಅಂದರೆ ಎಲ್ಲರೂ ಬೈಯುವ ಭಾರದ ಫಿನ್‌ಗಿಂತ, ಸುಮ್ನೆ ಹೊತ್ತುಕೊಂಡಿದ್ದ ಸೀಸವೇ ಅವಳ ಕಾಲನ್ನು ಜಾಸ್ತಿ ಇಳಿಸುತ್ತಿತ್ತು.

ಉಳಿದದ್ದು ಫಿನ್‌ನ ಪಾಲು. ಹಗುರದ ಫಿನ್ ಕೊಳ್ಳಬಹುದಿತ್ತು, ಆದರೆ ಇವೇ ಅವಳಿಗೆ ಇಷ್ಟ, ಕಾಲಿಗೆ ಚೆನ್ನಾಗಿ ಕೂತಿವೆ. ಇರಲಿ ಬಿಡಿ ಅಂದೆ. ಮೊಣಕಾಲು ಮಡಚಿ ಫಿನ್ ಅನ್ನು ಹತ್ತಿರ ತಂದರೆ ಆ ಒಂದು ಮೀಟರ್ 60 ಸೆಂಟಿಮೀಟರ್‌ಗೆ ಇಳಿಯುತ್ತದೆ. ಆಗ 0.75 ಇದ್ದದ್ದು 0.45. ಸೊಂಟದಿಂದ 1 ಕೆಜಿ ಸೀಸ ತೆಗೆದು ಟ್ಯಾಂಕ್‌ನ ಮೇಲಿನ ಬೆಲ್ಟ್‌ಗೆ ಕಟ್ಟಿದರೆ ಸುಮಾರು 40 ಸೆಂಟಿಮೀಟರ್ ಮೇಲಕ್ಕೆ ಬರುತ್ತದೆ, ಅದು 0.4. ಎರಡೂ ಹತ್ತಿರ ಹತ್ತಿರ ಸಮ. ಇದು ಒರಟು ಲೆಕ್ಕ. ಸೂಟ್‌ನ ಕಾಲುಗಳು ತೇಲುತ್ತವೆ, ಎದೆಗೂಡು ತೇಲುತ್ತದೆ, ಒಬ್ಬೊಬ್ಬರ ಮೈಕಟ್ಟು ಒಂದೊಂದು ಥರ. ಆದರೂ ಎಲ್ಲಿಂದ ಶುರುಮಾಡಬೇಕು ಅಂತ ಗೊತ್ತಾಗುತ್ತದೆ.

ಮೊದಲು 2 ಕೆಜಿ ಮೇಲಕ್ಕೆ ಹಾಕಿ ನೋಡಿದೆವು, ಎಷ್ಟರಮಟ್ಟಿಗೆ ಬದಲಾಗುತ್ತದೆ ಅಂತ ಅವಳಿಗೇ ಅನುಭವಕ್ಕೆ ಬರಲಿ ಅಂತ. ನಿಲ್ಲಿಸಿದ ಕೂಡಲೇ ತಲೆ ಕೆಳಗೆ ಹೋಯಿತು, ಕಾಲು ಮೇಲೆದ್ದಿತು. ಅವಳು ನಕ್ಕಿದ್ದಕ್ಕೆ ಮಾಸ್ಕ್‌ನೊಳಗೆ ನೀರು ಬಂತು. ಮುಂದಿನ ಸಲ 1 ಕೆಜಿ ಮಾತ್ರ ಮೇಲೆ, ಸೊಂಟದ ಎರಡು ಪಾಕೆಟ್‌ಗಳಲ್ಲಿ ಎರಡೆರಡು ಕೆಜಿ. ಈಗ ಮೊಣಕಾಲು ಮಡಚಿ ನಿಂತರೆ ಯಾವ ಕಡೆಗೂ ತಿರುಗದೆ ಇದ್ದಳು.

ಸೀಸ ಮೇಲಕ್ಕೆ ಸಾಗಿಸುವವರು ಒಂದು ವಿಷಯ ಮರೆಯಬಾರದು. ಟ್ಯಾಂಕ್ ಬೆಲ್ಟ್‌ಗೆ ಕಟ್ಟಿದ ಸೀಸವನ್ನು ತುರ್ತಿನಲ್ಲಿ ಬಿಚ್ಚಿ ಬಿಸಾಡಲು ಆಗುವುದಿಲ್ಲ. ಮೇಲ್ಮೈಯಲ್ಲಿ ಬಿಸಿಡಿ ಕೈಕೊಟ್ಟರೆ ಬಿಸಾಡಲು ಸಾಲುವಷ್ಟು ಸೀಸ ಸೊಂಟದಲ್ಲಿ, ಒಂದೇ ಎಳೆತಕ್ಕೆ ಬರುವ ಪಾಕೆಟ್‌ನಲ್ಲಿ ಉಳಿದಿರಲೇಬೇಕು. ಟ್ರಿಮ್ ಚಂದ ಕಾಣಲಿ ಅಂತ ಎಲ್ಲವನ್ನೂ ಬೆನ್ನಿಗೆ ಕಟ್ಟುವುದು ಬೇಡ.

ಇನ್ನೊಂದು ಸಲಹೆ ಎಲ್ಲರೂ ಕೊಡುತ್ತಾರೆ: "ಟ್ಯಾಂಕ್ ಸ್ವಲ್ಪ ಮೇಲಕ್ಕೆ ಏರಿಸು, ಸರಿಹೋಗುತ್ತೆ." ಅಲ್ಯೂಮಿನಿಯಂ ಟ್ಯಾಂಕ್ ಇರುವವರಿಗೆ ಇದರಿಂದ ಸಿಗುವುದು ಕಡಿಮೆ. ನೆಲದ ಮೇಲೆ ಅದು ಎಷ್ಟೇ ಭಾರ ಇರಲಿ, ನೀರಿನಲ್ಲಿ ಅದರ ತೂಕ ತುಂಬಿದಾಗ ಒಂದು ಕೆಜಿಗೂ ಕಡಿಮೆ. ಅದನ್ನು 5 ಸೆಂಟಿಮೀಟರ್ ಸರಿಸಿದರೆ ಏನು ಮಹಾ ಬದಲಾವಣೆ ಆದೀತು? ಸ್ಟೀಲ್ ಟ್ಯಾಂಕ್ ನೀರಿನಲ್ಲೂ ಭಾರವಾಗಿರುವುದರಿಂದ ಅಲ್ಲಿ ಈ ಮಾತಿಗೆ ಅರ್ಥ ಇದೆ. ಅವಳ ಟ್ಯಾಂಕ್ ಅನ್ನು ನಾವು ಸ್ವಲ್ಪ ಏರಿಸಿದ್ದು ನಿಜ, ಆದರೆ ಅದಕ್ಕೆ ಕಟ್ಟಿದ ಸೀಸವೂ ಜೊತೆಗೆ ಏರಲಿ ಅಂತ, ಮತ್ತೆ ತಲೆ ಎತ್ತಿದಾಗ ವಾಲ್ವ್‌ಗೆ ಬಡಿಯದಷ್ಟು ಮಾತ್ರ.

ಪಕ್ಕಕ್ಕೆ ಹೊರಳುವ ಸಣ್ಣ ತೊಂದರೆಯೂ ಇತ್ತು. ಬಲಗಡೆಯ ಪಾಕೆಟ್‌ನಲ್ಲಿ ಯಾವಾಗಲೂ ಇಟ್ಟುಕೊಳ್ಳುತ್ತಿದ್ದ ಟಾರ್ಚ್ ಅದಕ್ಕೆ ಕಾರಣ. ತೆಗೆದ ಮೇಲೆ ನಿಂತುಹೋಯಿತು.

ಭಂಗಿ

ಇಲ್ಲಿಗೆ ಬರುವ ಹೊತ್ತಿಗೆ ಕೆಲಸ ಸುಲಭವಾಗಿತ್ತು, ಆದರೆ ಒಂದು ವಿಚಿತ್ರ ಅಡ್ಡಿ ಬಂತು. ದೇಹ ನಿಜಕ್ಕೂ ಅಡ್ಡಲಾಗಿ ಇರುವಾಗ ಅವಳಿಗೆ "ತಲೆಕೆಳಗಾಗಿ ಬೀಳ್ತಿದೀನಿ" ಅನ್ನಿಸುತ್ತಿತ್ತು. ತಕ್ಷಣ ತಲೆ, ಭುಜ ಎತ್ತುತ್ತಿದ್ದಳು. ಇದು ಅವಳೊಬ್ಬಳದ್ದಲ್ಲ, ಹೊಸಬರಲ್ಲಿ ತುಂಬ ಜನರಿಗೆ ಹಾಗೆ. 40 ಡಿಗ್ರಿ ವಾಲಿದ್ದೇ ಮಾಮೂಲು ಅಂತ ಮೈ ಒಗ್ಗಿಹೋಗಿರುವಾಗ ಸರಿಯಾದದ್ದು ತಪ್ಪು ಅನ್ನಿಸುತ್ತದೆ. ಬಾಯಿಮಾತಿನಲ್ಲಿ ಎಷ್ಟು ಹೇಳಿದರೂ ಇದು ಹೋಗುವುದಿಲ್ಲ. ನೀರಿನಿಂದ ಬಂದ ಕೂಡಲೇ ವಿಡಿಯೋ ತೋರಿಸಿ, "ಇಲ್ಲಿ ನಿನಗೆ ತಲೆಕೆಳಗಾದ ಹಾಗೆ ಅನ್ನಿಸಿತ್ತಲ್ಲ, ನೋಡು ಹೇಗಿದ್ದೀಯ" ಅಂದಾಗಲೇ ನಂಬಿದ್ದು.

ಭಂಗಿಯಲ್ಲಿ ಅವಳಿಗೆ ಹೇಳಿದ್ದು ಹೆಚ್ಚೇನಿಲ್ಲ. ನೋಟ ಮುಂದಿರಲಿ, ಮಾಸ್ಕ್‌ನ ಮೇಲಂಚಿನ ಕಡೆಗೆ, ಕತ್ತು ಮಾತ್ರ ಹಿಂದಕ್ಕೆ, ಎದೆ ಏಳುವುದು ಬೇಡ. ಕೈ ಎರಡೂ ಮುಂದೆ, ಒಂದನ್ನೊಂದು ಹಿಡಿದುಕೊಂಡಿರಲಿ. ಕೈ ಮುಂದೆ ಇದ್ದರೆ ಮುಂಭಾಗಕ್ಕೆ ಸ್ವಲ್ಪ ತೂಕ ಸೇರುತ್ತದೆ, ಜೊತೆಗೆ ನೀರು ತಳ್ಳುವ ಚಾಳಿಯೂ ಬಿಡುತ್ತದೆ. ತೊಡೆ ದೇಹದ ಗೆರೆಯಲ್ಲೇ ಇರಲಿ, ಮೊಣಕಾಲು ಹೊಟ್ಟೆಯ ಕಡೆ ಬರಬಾರದು. ಈ ಕೊನೆಯದೇ ಕಷ್ಟ. ಮೊಣಕಾಲು ಮಡಚು ಅಂದರೆ ಹೊಸಬರು ತೊಡೆಯನ್ನೂ ಇಳಿಸುತ್ತಾರೆ, ಕುರ್ಚಿಯಲ್ಲಿ ಕೂತ ಭಂಗಿ ಬರುತ್ತದೆ. ತೊಡೆ ಇಳಿದ ಕೂಡಲೇ ಮತ್ತೆ ಕಾಲು ಕೆಳಗೆ. ಪೃಷ್ಠದ ಸ್ನಾಯುವನ್ನು ಸ್ವಲ್ಪ ಬಿಗಿ ಮಾಡು ಅಂದಿದ್ದು ಅವಳಿಗೆ ಕೆಲಸಕ್ಕೆ ಬಂತು. ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಬೇಕಾಗಿಲ್ಲ, ತೊಡೆ ಇಳಿಯದಿದ್ದರೆ ಸಾಕು. ನೆಲದ ಮೇಲೆ ಬೆಂಚಿನಲ್ಲಿ ಬೋರಲು ಮಲಗಿ, ಮೊಣಕಾಲಿನಿಂದ ಕೆಳಗೆ ಮಾತ್ರ ಮೇಲೆತ್ತಿ ಅಭ್ಯಾಸ ಮಾಡಿಸಿದೆ. ನೋಡಲು ನಗು ಬರುತ್ತದೆ, ಆದರೆ ನೀರಿನಲ್ಲಿ ಗಾಳಿ ಖರ್ಚು ಮಾಡಿ ಕಲಿಯುವುದಕ್ಕಿಂತ ಲೇಸು.

ಆಮೇಲೆ ಒದೆತ. ಇಷ್ಟು ದಿನ ಮೇಲೆ ಕೆಳಗೆ ಬಡಿಯುವ ಒದೆತ ಒಂದೇ ಗೊತ್ತಿತ್ತು. ಈಗ ಕಪ್ಪೆ ಒದೆತ ಹೇಳಿಕೊಟ್ಟೆ: ಪಾದವನ್ನು ಹೊರಕ್ಕೆ ತಿರುಗಿಸಿ ಎರಡು ಫಿನ್‌ಗಳ ಅಂಗಾಲು ಸೇರುವ ಹಾಗೆ ಹಿಂದಕ್ಕೆ ತಳ್ಳಿ, ಸುಮ್ಮನಿದ್ದು ಜಾರಿಕೊಂಡು ಹೋಗುವುದು. ಇದರಲ್ಲಿ ನೀರು ಹಿಂದಕ್ಕೆ ಹೋಗುತ್ತದೆ, ಕೆಳಕ್ಕಲ್ಲ, ಹಾಗಾಗಿ ಮರಳು ಏಳುವುದಿಲ್ಲ. ನನಗೆ ಇನ್ನೂ ಮುಖ್ಯ ಅನ್ನಿಸುವುದು ಎರಡು ಒದೆತದ ನಡುವಿನ ಆ ಬಿಡುವು. ಪ್ರತಿ ಬಿಡುವಿನಲ್ಲೂ ನಿಲ್ಲಿಸಿ ನೋಡುವ ಪರೀಕ್ಷೆ ತಾನಾಗಿ ನಡೆಯುತ್ತದೆ. ಮುಳುಗುತ್ತಿದ್ದೇನೆ ಅಂದರೆ ಭಾರ ಇದ್ದೇನೆ ಅಂತ ಎರಡು ಸೆಕೆಂಡಿನಲ್ಲಿ ಗೊತ್ತಾಗುತ್ತದೆ.

ಉಸಿರಿನ ವಿಷಯ ಕೊನೆಗೆ ಇಟ್ಟಿದ್ದೆ, ಯಾಕಂದ್ರೆ ಭಾರ ಜಾಸ್ತಿ ಇರುವ ಡೈವರ್‌ಗೆ ಉಸಿರಿನಿಂದ ಆಳ ಹಿಡಿ ಅಂದರೆ ಆಗದ ಮಾತು. ಈಗ ಬಿಸಿಡಿಯಲ್ಲಿ ಗಾಳಿ ಕಡಿಮೆ, ಹಾಗಾಗಿ ಅರ್ಧ ಲೀಟರ್‌ನ ಉಸಿರಿಗೂ ಬೆಲೆ ಬಂತು. ಅವಳು ಇಲ್ಲಿ ಎಡವಿದ್ದು ಒಂದು ಕಡೆ ಮಾತ್ರ. ಉಸಿರು ಎಳೆದ ಕೂಡಲೇ ಮೇಲೆ ಹೋಗಬೇಕು ಅಂತ ಕಾಯುತ್ತಿದ್ದಳು, ಹೋಗದಿದ್ದರೆ ಇನ್ನಷ್ಟು ಎಳೆಯುತ್ತಿದ್ದಳು. ಇಷ್ಟು ದೊಡ್ಡ ದೇಹ ಮತ್ತು ಸಾಮಾನು ಅಲುಗಲು ಒಂದೆರಡು ಸೆಕೆಂಡ್ ಬೇಕು. ಏರಲು ಶುರುವಾಗುವ ಮೊದಲೇ ಬಿಡಲು ಶುರುಮಾಡಬೇಕು. ಇಳಿಯಲು ಶುರುವಾಗುವ ಮೊದಲೇ ಎಳೆಯಲು. ಈ ಲಯ ಸಿಕ್ಕ ಮೇಲೆ ಆಳ ತೋರಿಸುವ ಕಂಪ್ಯೂಟರ್ ನೋಡಿಕೊಂಡು ಒಂದೇ ಮಟ್ಟದಲ್ಲಿ ನಿಲ್ಲುವುದನ್ನು ಅವಳು ಒಂದು ಆಟ ಮಾಡಿಕೊಂಡಳು. ಉಸಿರನ್ನು ಎದೆಯಲ್ಲಿ ಹಿಡಿದಿಟ್ಟುಕೊಂಡು ನಿಲ್ಲಬಾರದು ಅಂತ ಮಾತ್ರ ಪದೇ ಪದೇ ಹೇಳಿದೆ. ಮೇಲೇರುವಾಗ ಹಿಡಿದ ಉಸಿರು ಶ್ವಾಸಕೋಶಕ್ಕೆ ಪೆಟ್ಟು ಮಾಡುತ್ತದೆ, ಅದಕ್ಕೆ ಒಂದೆರಡು ಮೀಟರ್ ಏರಿದರೂ ಸಾಕು.

ಏನು ಬದಲಾಯಿತು, ಏನು ಉಳಿಯಿತು

ಮೊದಲ ಡೈವ್‌ನಲ್ಲಿ ಸರಾಸರಿ 11 ಮೀಟರ್ ಆಳದಲ್ಲಿ 150 ಬಾರ್ ಗಾಳಿ 32 ನಿಮಿಷಕ್ಕೆ ಮುಗಿದಿತ್ತು. ಮೇಲ್ಮೈ ಲೆಕ್ಕಕ್ಕೆ ತಂದರೆ ನಿಮಿಷಕ್ಕೆ ಸುಮಾರು 25 ಲೀಟರ್. ಎಲ್ಲ ಬದಲಾವಣೆ ಆದ ಮೇಲೆ ಅದೇ ಜಾಗ, ಅದೇ ಆಳ, ಅದೇ 150 ಬಾರ್‌ಗೆ 44 ನಿಮಿಷ, ಅಂದರೆ ನಿಮಿಷಕ್ಕೆ 18 ಲೀಟರ್ ಹತ್ತಿರ. ಇದೆಲ್ಲ ಟ್ರಿಮ್‌ನಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಅದೇ ಜಾಗದಲ್ಲಿ ಪದೇ ಪದೇ ಇಳಿದಾಗ ಮನಸ್ಸು ಹಗುರವಾಗುತ್ತದೆ, ಅದರ ಪಾಲೂ ಇದೆ. ಆದರೆ ಸೊಂಟ ನೋವು ಹೋದದ್ದಕ್ಕೆ ಬೇರೆ ಯಾವ ಕಾರಣವೂ ನನಗೆ ಕಾಣುವುದಿಲ್ಲ.

ಸೇಫ್ಟಿ ಸ್ಟಾಪ್‌ನಲ್ಲಿ ಒಂದು ಹಳೆಯ ಚಾಳಿ ಉಳಿದಿತ್ತು. ಗಾಳಿ ಬಿಡಬೇಕಾದಾಗ ಎಡಗೈಯಲ್ಲಿ ಇನ್‌ಫ್ಲೇಟರ್ ಹೋಸ್ ತಲೆಯ ಮೇಲಕ್ಕೆ ಎತ್ತುವುದು. ಅದಕ್ಕೆ ದೇಹ ನೆಟ್ಟಗಾಗಲೇಬೇಕು, ನೆಟ್ಟಗಾದರೆ ಟ್ರಿಮ್ ಹೋಯಿತು. ಅವಳ ಬಿಸಿಡಿಯ ಹಿಂಭಾಗದಲ್ಲಿ, ಬಲ ಸೊಂಟದ ಹತ್ತಿರ, ದಾರ ಎಳೆದು ಗಾಳಿ ಬಿಡುವ ವಾಲ್ವ್ ಇದೆ. ಅದು ಇದೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ. ಗಾಳಿ ಯಾವಾಗಲೂ ಎತ್ತರದ ಜಾಗಕ್ಕೆ ಹೋಗುತ್ತದೆ, ಹಾಗಾಗಿ ಅಡ್ಡಲಾಗಿ ಇದ್ದುಕೊಂಡೇ ಆ ಸೊಂಟದ ಬದಿಯನ್ನು ಸ್ವಲ್ಪ ಎತ್ತಿ ದಾರ ಎಳೆದರೆ ಸಾಕು. ಈಗ ಮೂರು ನಿಮಿಷ 5 ಮೀಟರ್‌ನಲ್ಲಿ ಹಗ್ಗ ಮುಟ್ಟದೆ ಇರುತ್ತಾಳೆ.

ಈ 5 ಕೆಜಿ, ಈ ಜಾಗಗಳು, ಎಲ್ಲವೂ ಈ ಸಾಮಾನಿಗೆ ಮಾತ್ರ. ಸಿಹಿನೀರಿಗೆ ಹೋದರೆ ಸಮುದ್ರಕ್ಕಿಂತ ಎತ್ತುವ ಬಲ ನೂರಕ್ಕೆ ಎರಡೂವರೆಯಷ್ಟು ಕಡಿಮೆ, ಸಾಮಾನು ಸೇರಿ 90 ಕೆಜಿ ಇರುವವರಿಗೆ 2 ಕೆಜಿಗಿಂತ ಸ್ವಲ್ಪ ಜಾಸ್ತಿ ಸೀಸ ಕಡಿಮೆ ಮಾಡಬೇಕು. 3 ಮಿಲಿಮೀಟರ್ ಸೂಟ್ ಹಾಕಿದರೆ ಇನ್ನೂ ಕಡಿಮೆ. ಸ್ಟೀಲ್ ಟ್ಯಾಂಕ್ ಬಂದರೆ ಮೇಲಿನ ಬೆಲ್ಟ್‌ನ ಆ 1 ಕೆಜಿ ಬೇಕೋ ಬೇಡವೋ ಮತ್ತೆ ನಿಲ್ಲಿಸಿ ನೋಡಬೇಕು. ಅವಳು ಪ್ರತಿ ಡೈವ್ ಆದ ಮೇಲೆ ಸೂಟ್, ಟ್ಯಾಂಕ್, ನೀರು, ಸೀಸ ಎಷ್ಟು ಮತ್ತು ಎಲ್ಲಿ ಅಂತ ಲಾಗ್ ಪುಸ್ತಕದಲ್ಲಿ ಬರೆದಿಡುತ್ತಾಳೆ.

ಮಾಸ್ಕ್‌ನಿಂದ ನೀರು ತೆಗೆಯುವಾಗ ಮಾತ್ರ ಈಗಲೂ ತೊಡೆ ಇಳಿಯುತ್ತದೆ. ಕೋರ್ಸ್‌ನಲ್ಲಿ ಅದನ್ನು ಮಂಡಿಯೂರಿ ಕಲಿತಿದ್ದಳು, ಕಣ್ಣು ಮುಚ್ಚಿದ ಕೂಡಲೇ ಮೈ ಮಂಡಿಯೂರಲು ನೋಡುತ್ತದೆ. ಮೊದಲು ಮಾಸ್ಕ್‌ಗೆ ಕಾಲು ಭಾಗ ನೀರು ಬಿಟ್ಟುಕೊಂಡು, ಒಂದೇ ಆಳದಲ್ಲಿ ತೇಲಿಕೊಂಡೇ ತೆಗೆಯುವುದು, ಅದು ಸರಿಯಾದ ಮೇಲೆ ಅರ್ಧ, ಆಮೇಲೆ ಪೂರ್ತಿ. ಸದ್ಯ ಅರ್ಧದಲ್ಲಿದ್ದೇವೆ.